ಬಲಗಡೆಯ ಇಂಡಿಕೇಟರ್

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ದಾರಿಯಲ್ಲಿ
ಮಾವಿನ ಲಾರಿಯ ಹಿಂದೆ ಸಿಕ್ಕವರಿಗೆ
ಮೊದಲು ಬರುವುದು ವಾಸನೆ,
ಆಮೇಲೆ ಸಿಟ್ಟು.

ನನಗೆ ಸಿಟ್ಟೇ ಮೊದಲು ಬಂತು.
ರಾತ್ರಿ ಒಂಬತ್ತೂಕಾಲು. ಆಸ್ಪತ್ರೆಯ ಲ್ಯಾಬಿನಲ್ಲಿ
ನಲವತ್ತೆರಡು ಜನರ ರಕ್ತ ನೋಡಿ
ಮೂವರಿಗೆ ಡೆಂಗಿ ಎಂದು ಬರೆದು
ಕೈ ತೊಳೆದು ಹೊರಟವಳು.
ಮುಂದೆ ಕೆಎ ಸೊನ್ನೆ ಏಳು,
ತೊಟ್ಟಿಲಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ.
ಹಿಂದಿನ ಹಲಗೆಯ ಮೇಲೆ ಹಳದಿ ಅಕ್ಷರ:
ನಮ್ ತಾತಂದೂ ಇದೇ ಸ್ಪೀಡು.

ಅವನು ಬಲಗಡೆಯ ಇಂಡಿಕೇಟರ್ ಹಾಕಿದ.

ಈಗ ಇದನ್ನು ಓದಬೇಕು.
ನನಗೆ ಕಾರು ಕಲಿಸಿದ ಟೇಕಲ್ಲಿನ ಜಬ್ಬಾರ್ ಸಾಹೇಬರು ಹೇಳಿದ್ದು:
ಬಲಗಣ್ಣು ಹೊಡೆದರೆ ಎದುರಿಗೆ ಗಾಡಿ ಇದೆ, ಬರಬೇಡ ಅಂತಮ್ಮ.
ನಮ್ಮ ಮನೆಯವರು ಹೇಳುವುದು:
ಬಲಕ್ಕೆ ಜಾಗ ಇದೆ, ಹೋಗು ಅಂತ.
ಇಬ್ಬರೂ ಮೂವತ್ತು ವರ್ಷ ಓಡಿಸಿ
ಬದುಕಿಯೇ ಇದ್ದಾರೆ.

ಹಾರನ್ ಒತ್ತಿದೆ. ಹೈಬೀಮು ಹೊಡೆದೆ,
ಅವನ ಕನ್ನಡಿಯೊಳಗೆ ಸೂಜಿ ಚುಚ್ಚುವ ಹಾಗೆ.
ಕೈಗೆ ರೂಢಿ.
ಬೈದೆ, ಲ್ಯಾಬಿನಲ್ಲಿ ಆಡದ ಮಾತುಗಳು,
ನಮ್ಮಮ್ಮನ ಕಡೆಯ ತೆಲುಗಿನಲ್ಲಿ.
ಗಾಜು ಏರಿಸಿತ್ತು,
ಬೈಗುಳವೆಲ್ಲ ನನ್ನ ಮಡಿಲಿಗೇ ಬಿತ್ತು.

ಎದುರಿನ ಬಸ್ಸು ದಾಟಿದ ಮೇಲೆ ಒಂದು ಕೈ ಆಚೆ ಬಂತು,
ನೀರು ತಳ್ಳುವ ಹಾಗೆ ಮುಂದಕ್ಕೆ ತೂಗಿತು.
ಹೋದೆ. ಪಕ್ಕ ದಾಟುವಾಗ
ಇನ್ನೊಂದು ಸಲ ಹಾರನ್ ಒತ್ತಿದೆ.
ಅದು ಥ್ಯಾಂಕ್ಸ್ ಅಲ್ಲ.

ಐದಾರು ಕಿಲೋಮೀಟರು
ಹುಣಸೆಮರಗಳ ಹೊಟ್ಟೆಯ ಬಿಳಿಪಟ್ಟೆಗಳು
ಒಂದೊಂದೇ ನನ್ನ ಬೆಳಕಿಗೆ ಬಂದು ಹೋದವು.
ಆಮೇಲೆ ಬರಲಿಲ್ಲ.

ಫ್ಯೂಸ್ ಹೋಗಿತ್ತು. ಎರಡೂ ಕಣ್ಣು ಒಟ್ಟಿಗೇ.
ಅಂಚಿಗೆ ನಿಲ್ಲಿಸಿದೆ.
ಒಂದು ಬಿಳಿ ಇನ್ನೋವಾ ಹೋಯಿತು, ಎರಡು ಬೈಕು,
ಮಗುವಿನ ಹೆಸರು ಬರೆಸಿಕೊಂಡ ಒಂದು ಕೆಂಪು ಕಾರು.
ಎಲ್ಲರಿಗೂ ಅವಸರ, ನನಗಿದ್ದಂಥದೇ.

ಮಾವಿನ ವಾಸನೆ ಮೊದಲು ಬಂತು.
ಆಮೇಲೆ ಬ್ರೇಕಿನ ನಿಟ್ಟುಸಿರು.

ಇಳಿದವನು ಕ್ಲೀನರ್ ಹುಡುಗ.
ಲೈಟ್ ಹೋಯ್ತಾ ಮೇಡಂ? ನಮ್ಮಣ್ಣ ಅಂದ್ರು,
ಹಿಂದೇನೇ ಬಂದ್ಬಿಡಿ.
ಅಣ್ಣ ಇಳಿಯಲಿಲ್ಲ.
ಮೇಲೆ ಬೀಡಿಯ ತುದಿ ಕಂಡಿತು, ಮುಖ ಕಾಣಲಿಲ್ಲ.

ಹುಡುಗ ಕ್ಯಾಬಿನ್ನಿಗೆ ಹೋಗದೆ ಕ್ರೇಟುಗಳ ಮೇಲೆ ಹತ್ತಿ
ಹಲಗೆಗೆ ಎದೆಯೂರಿ ಮೊಬೈಲ್ ಟಾರ್ಚ್ ಹಿಡಿದ.
ನನ್ನ ಟೈರಿನ ಮುಂದೆ
ಊಟದ ತಟ್ಟೆಯಷ್ಟು ರಸ್ತೆ.
ಹಂಪು ಬಂದರೆ ಬೆಳಕು ಎರಡು ಸಲ ಕುಣಿಯುತ್ತಿತ್ತು,
ಗುಂಡಿ ಬಂದರೆ ಸುತ್ತುತ್ತಿತ್ತು.
ಈ ಭಾಷೆಯನ್ನು ನನಗೆ ಯಾರೂ ಕಲಿಸಿರಲಿಲ್ಲ,
ಆದರೂ ತಿಳಿಯಿತು.

ಹೀಗೆ ಹನ್ನೊಂದು ಕಿಲೋಮೀಟರು.
ಯಾವ ಬೆನ್ನು ದಾಟಲು ಹಲ್ಲು ಕಚ್ಚಿದ್ದೆನೋ
ಆ ಬೆನ್ನೇ ದೂರವಾಗದಿರಲಪ್ಪಾ ಎಂದು
ಸ್ಟಿಯರಿಂಗಿಗೆ ಅಂಟಿಕೊಂಡಿದ್ದೆ.
ಗಂಟೆಗೆ ಇಪ್ಪತ್ತೈದು. ತಾತನ ಸ್ಪೀಡು.

ನನ್ನ ಹಿಂದೊಬ್ಬ ಹಾರನ್ ಬಾರಿಸಿದ, ಬಾರಿಸಿದ.
ಕನ್ನಡಿಯೊಳಗೆ ಅವನ ಹೈಬೀಮು.
ಅವನು ಯಾವ ಭಾಷೆಯಲ್ಲಿ ಬೈಯುತ್ತಿದ್ದನೋ.

ಕೋಲಾರದ ಮೊದಲ ಬೀದಿದೀಪಕ್ಕೆ ಹುಡುಗ ಟಾರ್ಚ್ ಆರಿಸಿದ.
ಲಾರಿ ನಿಧಾನವಾಯಿತು,
ಬಲಗಡೆಯ ಇಂಡಿಕೇಟರ್ ಹಾಕಿತು.
ಹೋಗು ಎಂದೋ, ನಿಲ್ಲು ಎಂದೋ,
ನಾನು ಬೈಪಾಸಿಗೆ ತಿರುಗುತ್ತೇನೆ ಎಂದೋ.
ಕಾದೆ. ತಿರುಗಿದ.

ಋಣ ಹೇಳಲು ಕಾರಿನಲ್ಲಿ ಇರುವುದು ಒಂದೇ ಶಬ್ದ.
ಬೈಯಲು ಇರುವುದೂ ಅದೇ.
ಆದಷ್ಟು ಮೆತ್ತಗೆ ಒತ್ತಿದೆ.
ಅವನು ಉದ್ದಕ್ಕೆ, ಊರೇ ಏಳುವ ಹಾಗೆ,
ಏರ್‌ಹಾರನ್ ಬಾರಿಸಿದ.
ಏನೆಂದನೋ.

ಮಾರನೆಯ ದಿನ ಫ್ಯೂಸಿಗೆ ಇಪ್ಪತ್ತು ರೂಪಾಯಿ ಆಯಿತು.
ಶನಿವಾರ ಇನ್ನೊಂದು ಲಾರಿ ಸಿಕ್ಕಿತು,
ಅದಕ್ಕೂ ಹಾರನ್ ಒತ್ತಿದೆ.
ಸ್ವಲ್ಪ ತಡೆದು ಒತ್ತಿದೆ,
ಅಷ್ಟೇ.